ಕಟ್ಟಿಗೆ ಗುಂಡಿನ ಕಾಕಾ

ಗೋಕಾಕದಲ್ಲಿ ಅವರಿಗೆ ತಾಯಿ-ತಂದೆ ಇಟ್ಟ ಹೆಸರೊಂದು ಇತ್ತು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೂ ಊರಿನ ಅರ್ಧ ಜನಕ್ಕೆ ಗುರುತು ಹತ್ತಲಿಕ್ಕಿಲ್ಲ. ಹೋದ ವಾರ ಆ ಕಡೆಯಿಂದ ಬಂದ ಪರಿಚಯದ ವ್ಯಾಪಾರಿಯೊಬ್ಬ ನಮ್ಮ ಬಾಗಿಲಲ್ಲೇ ನಿಂತು, "ಮಾಸ್ತರ, ಪಿಸ್ತೂಲ ಕಾಕಾ ಹೋದ್ರಂತ್ರಿ" ಅಂದ. ಒಳಗಿದ್ದ ನನ್ನ ಹೆಂಡತಿ ಗಾಬರಿಯಾಗಿ, "ಅಯ್ಯ ಶಿವನ, ಯಾರ ಹೊಡದ್ರು?" ಎಂದು ಹೊರಗೆ ಬಂದಳು.

ಯಾರೂ ಹೊಡೆದಿರಲಿಲ್ಲ. ಎಪ್ಪತ್ತರ ಹತ್ತಿರ ಬಂದಿದ್ದ ಮನುಷ್ಯ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಬಾಯಿ ಮುಕ್ಕಳಿಸಿ, ಗೋಡೆಗೆ ಒರಗಿ ಕೂತಲ್ಲೇ ಹೋಗಿದ್ದರು. ಹೆಸರಿನ ಮುಂದೆ ಪಿಸ್ತೂಲು ಅಂಟಿಸಿಕೊಂಡವರಿಗೆ ಇಷ್ಟು ಸಪ್ಪಳವಿಲ್ಲದ ಸಾವು ಬಂತಲ್ಲ ಎಂದು ನನಗೆ ದುಃಖದ ನಡುವೆಯೂ ನಗು ಬಂತು. ಆ ನಗುವನ್ನು ಅವರು ತಪ್ಪು ತಿಳಿಯುತ್ತಿರಲಿಲ್ಲ ಅನ್ನುವ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಾನು ತುಕ್ಕಾನಟ್ಟಿಯವನು. ಗೋಕಾಕದ ಕನ್ನಡ ಶಾಲೆಗೆ ಮಾಸ್ತರನಾಗಿ ಹೋದಾಗ ಇನ್ನೂ ಮದುವೆಯಾಗಿರಲಿಲ್ಲ. ಕಾಕಾರ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಜೈನರ ಮನೆ, ಶುಚಿಯಾದ ಜಾಗ, ಯಜಮಾನರು ಬೆಲ್ಲ ಮತ್ತು ಮೆಣಸಿನಕಾಯಿಯ ವ್ಯಾಪಾರಸ್ಥರು, ಇರುವೆಗೂ ದಾರಿ ಬಿಟ್ಟು ನಡೆಯುವವರು ಎಂದು ಎಲ್ಲರೂ ಹೇಳಿದ್ದರು. ಪಿಸ್ತೂಲಿನ ವಿಷಯ ಮಾತ್ರ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಊರಿಗೆ ಅದು ಅಷ್ಟು ರೂಢಿಯಾಗಿ ಹೋಗಿತ್ತು.

ಹೋದ ದಿನ ಸಂಜೆ ಹಾಸಿಗೆ ಬಿಚ್ಚುತ್ತಿದ್ದೆ. ಒಳಗಿನ ಪಡಸಾಲೆಯಿಂದ "ಟಕ್" ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಟಕ್". ಅಡಕೆ ಕತ್ತರಿಸುತ್ತಿರಬೇಕು ಅಂದುಕೊಂಡು ಇಣುಕಿದೆ. ಧೋತರ ಉಟ್ಟು ಕರಿ ಟೊಪ್ಪಿಗೆ ಹಾಕಿದ ದಪ್ಪನೆಯ ಮನುಷ್ಯರೊಬ್ಬರು ಬಲಗೈ ನೀಳವಾಗಿ ಚಾಚಿ, ಸುಣ್ಣ ಬಳಿದ ಗೋಡೆಗೆ ಪಿಸ್ತೂಲು ಗುರಿಯಿಟ್ಟು ನಿಂತಿದ್ದರು. ನಳಿಗೆಯ ಮೇಲೆ ಒಂದು ತಾಮ್ರದ ದುಡ್ಡು ಕೂತಿತ್ತು. ನಾನು ಹೊಸ್ತಿಲಲ್ಲೇ ಕಲ್ಲಾದೆ.

"ಹೆದರಬ್ಯಾಡ್ರಿ ಮಾಸ್ತರ," ಅಂದರು, ಗೋಡೆಯಿಂದ ಕಣ್ಣು ತೆಗೆಯದೆ. "ಖಾಲಿ ಐತಿ. ಮಾತಾಡಸಬ್ಯಾಡ್ರಿ, ದುಡ್ಡ ಬೀಳತೈತಿ."

ಅಡಿಗೆಮನೆಯಿಂದ ಅವರ ಹೆಂಡತಿಯ ದನಿ ಬಂತು. ಊರಿಗೆಲ್ಲ ಅವರು ಕಾಕು. "ಹೊಸದಾಗಿ ಬಂದಾವ್ರ ಮುಂದ ಖಾಲಿ ಐತಿ ಅಂತ ಹೇಳಬ್ಯಾಡ್ರಿ ಅಂತ ಎಷ್ಟ ಸಲ ಹೇಳ್ಲಿ? ಒಂದ ನಾಕ ದಿನಾ ಹೆದರಿದ್ರ ನಮಗೂ ಒಂದೀಟ ಮರ್ಯಾದಿ ಇರತೈತಿ."

"ಖರೆ ಇದ್ದದ್ದ ಹೇಳಬೇಕಲ್ಲ," ಅಂದರು ಕಾಕಾ. ಮಾತಿನ ಭರಕ್ಕೆ ದುಡ್ಡು ಬಿದ್ದು ಉರುಳುತ್ತ ಕಡಾಯಿಯ ಕೆಳಗೆ ಹೋಯಿತು. ಕಾಕು ಕಸಬರಿಗೆ ತಗೊಂಡು ಬಂದು ಅದನ್ನು ಹೊರಗೆ ಎಳೆದು, ಮಾತಿಲ್ಲದೆ ಮತ್ತೆ ನಳಿಗೆಯ ಮೇಲೆ ಇಟ್ಟು ಹೋದರು. ಇಷ್ಟು ವರ್ಷಗಳ ಸಂಸಾರ ಎಂಥದು ಎನ್ನುವುದು ನನಗೆ ಆಗಲೇ ತಿಳಿಯಿತು.

ಪಿಸ್ತೂಲು ಬಂದ ಕಥೆಯನ್ನು ಆಮೇಲೆ ಕಾಕಾ ತಾವೇ ಹೇಳಿದರು. ಹಿಂದೆ ಪ್ಲೇಗು ಬಂದು ಊರು ಬಿಟ್ಟ ಜನ ಬಯಲಲ್ಲಿ ಕೂತಾಗ, ಅವರು ತಮ್ಮ ಬೆಲ್ಲದ ವಖಾರಿಯನ್ನು ತೆರೆದು ಸಿಕ್ಕಷ್ಟು ಮಂದಿಗೆ ನೆರಳು ಮಾಡಿಕೊಟ್ಟಿದ್ದರು. ಆಗಿದ್ದ ಗೋರಾ ಸಾಹೇಬ ಮೆಚ್ಚಿಕೊಂಡ. ಆ ಕಾಲದಲ್ಲಿ ದೊಡ್ಡವರಿಗೆ ಪಿಸ್ತೂಲಿನ ಪರವಾನಗಿ ಕೊಡುವುದೆಂದರೆ ಶಾಲು ಹೊದಿಸಿದ ಹಾಗೆ. ದೇಸಾಯರು, ಇನಾಮದಾರರು ಅದಕ್ಕಾಗಿ ವರ್ಷಗಟ್ಟಲೆ ಸಲಾಮು ಹೊಡೆಯುತ್ತಿದ್ದರು. ಕೇಳದೆ ಇದ್ದ ಕಾಕಾರಿಗೆ ಅದು ಬಂತು.

"ಬ್ಯಾಡಂದ್ರ ಸಾಹೇಬಗ ಅಪಮಾನ. ಪರವಾನಗಿ ಇಟ್ಕೊಂಡು ಪಿಸ್ತೂಲ ಇಲ್ಲಂದ್ರ ಮಂದಿ ನಗತಾರ. ಲಗ್ನದ ಕಾರ್ಡ ಹಂಚಿ ಹೆಣ್ಣ ತರಲಿಲ್ಲಂದ್ರ ಹ್ಯಾಂಗ್ರಿ?" ಎಂದು ಬೆಳಗಾವಿಗೆ ಹೋಗಿ, ಊರಿಗೆ ಹೊರಟು ನಿಂತಿದ್ದ ಒಬ್ಬ ಮುದಿ ಕಪ್ತಾನನ ಹತ್ತಿರ ಹಳೆಯದೊಂದು ಕೊಂಡುಕೊಂಡರು. ಆರು ಗುಂಡು ಹಿಡಿಯುವ ತಿರುಗುವ ಉರುಳೆಯ ಪಿಸ್ತೂಲು. ಅದನ್ನು ಹಿಡಿಯುವುದು, ನಿಲ್ಲುವುದು, ಉಸಿರು ಅರ್ಧ ಬಿಟ್ಟು ತಡೆಯುವುದು, ಎಲ್ಲವನ್ನೂ ಆ ಕಪ್ತಾನನೇ ಕಲಿಸಿದನಂತೆ. ಮನೆಯಲ್ಲಿ ಖಾಲಿ ಪಿಸ್ತೂಲಿನಿಂದ ದಿನವೂ ಸಾಧನೆ ಮಾಡು, ನಳಿಗೆಯ ಮೇಲೆ ದುಡ್ಡಿಟ್ಟುಕೋ, ಕುದುರೆ ಒತ್ತಿದಾಗ ದುಡ್ಡು ಬೀಳದಿದ್ದರೆ ಗುರಿ ತಪ್ಪುವುದಿಲ್ಲ ಎಂದು ಹೇಳಿದನಂತೆ. ಕುದುರೆ ಎಂದರೆ ಬೆರಳಿಟ್ಟು ಒತ್ತುವ ಕೊಕ್ಕೆ.

ಪಿಸ್ತೂಲು ಮನೆಗೆ ಬಂದ ದಿನ ಕಾಕಾರ ತಾಯಿ ಇನ್ನೂ ಇದ್ದರು. ಬಾಗಿಲಲ್ಲೇ ಮಗನನ್ನು ತಡೆದು ನಿಲ್ಲಿಸಿ, ಅದನ್ನು ತಿರುಗಿಸಿ ಮುರುಗಿಸಿ ನೋಡಿದರಂತೆ. "ಇದ ಕಬ್ಬಿಣ. ಒನಕಿ ತುದಿಗೂ ಕಬ್ಬಿಣ ಇರತೈತಿ. ಇದು ಒಳಗ ಬರ್ಲಿ. ಆದ್ರ ಗುಂಡ ಮಾತ್ರ ಈ ಹೊಸ್ತಿಲಾ ದಾಟಬಾರದು. ಬಸದಿ ಕಡೆ ಮಾರಿ ಮಾಡಿ ಆಣಿ ಮಾಡು" ಅಂದರಂತೆ. ಕಾಕಾ ಆಣೆ ಮಾಡಿದರು. ತಾಯಿ ತೀರಿಕೊಂಡ ಮೇಲೂ ಆಣೆ ತೀರಲಿಲ್ಲ. ಗೋಕಾಕ ಸೀಮೆಯಲ್ಲಿ ಸರಕಾರಿ ಪರವಾನಗಿಯ ಪಿಸ್ತೂಲಿದ್ದು ಒಂದೂ ಗುಂಡಿಲ್ಲದ ಮನೆ ಅದೊಂದೇ ಇದ್ದಿರಬೇಕು.

ಒಂದು ತೊಡಕು ಮಾತ್ರ ಉಳಿದಿತ್ತು. ಖಾಲಿ ಉರುಳೆಯ ಮೇಲೆ ಹೊಡೆಯುತ್ತ ಹೋದರೆ ಒಳಗಿನ ಮೊಳೆ ಮುರಿಯುತ್ತದೆ, ಏನಾದರೂ ಹುಸಿಗುಂಡು ತುಂಬಿಕೋ ಎಂದೂ ಕಪ್ತಾನ ಹೇಳಿದ್ದ. ಕಾಕಾ ಓಣಿಯಲ್ಲಿ ಗೊಂಬೆ ಮಾಡುವ ಚಿತ್ರಗಾರನ ಹತ್ತಿರ ಹೋದರು. ಗೋಕಾಕದ ಚಿತ್ರಗಾರರು ಕಟ್ಟಿಗೆಯಲ್ಲಿ ಮಾವಿನಹಣ್ಣು ಮಾಡಿದರೆ ಗಿಳಿ ಬಂದು ಕುಕ್ಕಬೇಕು, ಅಂಥವರು. ಆತ ಹಗುರ ಕಟ್ಟಿಗೆಯಲ್ಲಿ ಆರು ಗುಂಡು ಕೆತ್ತಿಕೊಟ್ಟ. ಬರೀ ಕಟ್ಟಿಗೆ ಕೊಡುವುದಕ್ಕೆ ಅವನ ಕೈಗೆ ನಾಚಿಕೆಯಾಯಿತೋ ಏನೋ, ಎರಡಕ್ಕೆ ಕೆಂಪು, ಎರಡಕ್ಕೆ ಹಳದಿ, ಎರಡಕ್ಕೆ ಗಿಳಿಹಸಿರು ಬಣ್ಣ ಬಳಿದು ಅರಗಿನ ಹೊಳಪು ಕೊಟ್ಟಿದ್ದ. ಆಗ ಬದುಕಿದ್ದ ತಾಯಿ ಅವನ್ನು ಅಂಗೈಯಲ್ಲಿ ಉರುಳಿಸಿ, "ಇವು ಗೊಂಬಿ. ಇರ್ಲಿ" ಎಂದು ಒಪ್ಪಿಗೆ ಕೊಟ್ಟರು.

ಹೀಗೆ ಪ್ರತಿ ಸಂಜೆ, ಊಟವಾಗಿ ಬೆಳಕಿರುವಾಗ, ಕಾಕಾರ ಸಾಧನೆ. ಗೋಡೆಯ ಮೇಲೆ ಮೊದಲು ಕುಂಕುಮದ ಬೊಟ್ಟು ಇಟ್ಟಿದ್ದರಂತೆ. "ಮುತ್ತೈದೆಯ ಹಣೀಗೆ ಇಡೂದನ್ನ ಗುರಿ ಮಾಡತೀರೇನು?" ಎಂದು ಕಾಕು ಗದರಿದ ಮೇಲೆ ಅದು ಕಾಡಿಗೆಯ ಚುಕ್ಕಿಯಾಯಿತು. ಆ ಚುಕ್ಕಿಯ ಮೇಲೆ ಒಂದು ಹಲ್ಲಿ ಬಂದು ಕೂತರೆ ಕಾಕಾ ಪಿಸ್ತೂಲು ಇಳಿಸಿ ಕಾಯುತ್ತಿದ್ದರು. ಹಲ್ಲಿಗೆ ಅದು ತಿಳಿದುಹೋಗಿತ್ತೆಂದು ನನ್ನ ಅನುಮಾನ. ಸಂಜೆಯೆಲ್ಲ ಅಲ್ಲಿಂದ ಕದಲುತ್ತಿರಲಿಲ್ಲ. "ಗುಂಡ ಇಲ್ಲಲ್ರಿ ಕಾಕಾ, ಹೊಡೀರಿ" ಅಂದರೆ, "ಅದಕ್ಕ ಗೊತ್ತಿಲ್ಲಲ್ರಿ ಮಾಸ್ತರ, ಪಾಪ" ಅನ್ನುತ್ತಿದ್ದರು.

ನನಗೂ ಒಂದೆರಡು ಸಲ ಹಿಡಿಯಲು ಕೊಟ್ಟರು. ನಾನು ಕುದುರೆ ಒತ್ತಿದರೆ ದುಡ್ಡು ಕಪ್ಪೆಯ ಹಾಗೆ ಜಿಗಿಯುತ್ತಿತ್ತು. "ಜಗ್ಗಬ್ಯಾಡ್ರಿ. ಆಕಳ ಹಾಲ ಹಿಂಡೂ ಮುಂದ ಜಗ್ಗತೀರೇನು? ಹಂಗ, ಹಗೂರಕ ಒತ್ರಿ. ಅದು ಯಾವಾಗ ಹಾರ್ತು ಅಂತ ನಿಮಗೂ ತಿಳೀಬಾರದು." ಅವರ ಕೈ ಮಾತ್ರ ಕಂಬಕ್ಕೆ ಬಡಿದ ಗೂಟ. ದುಡ್ಡು ಅದರ ಮೇಲೆ ನಿದ್ದೆ ಮಾಡುತ್ತಿತ್ತು. ಬಜಾರದಲ್ಲಿ ಯಾರಾದರೂ ರೇಗಿದರೆ ಅವರು ಅರ್ಧ ಉಸಿರು ಬಿಟ್ಟು, ಅಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಮಾತಾಡುತ್ತಿದ್ದರು. ಎದುರಿನವನಿಗೆ ಅಷ್ಟರಲ್ಲಿ ತಾನು ಏನು ಕೂಗಿದೆ ಅನ್ನುವುದೇ ಮರೆತುಹೋಗಿರುತ್ತಿತ್ತು. ಪಿಸ್ತೂಲಿನ ವಿದ್ಯೆಯಿಂದ ಆದ ಲಾಭ ಇದೊಂದೇ ಎಂದು ಕಾಕು ಒಪ್ಪುತ್ತಿದ್ದರು. "ಉಳಿದದ್ದಕ್ಕ, ನನ್ನ ಅಡಕೊತ್ತ ಅದಕ್ಕಿಂತ ಜೋರ ಸಪ್ಪಳಾ ಮಾಡತೈತಿ."

ಒಮ್ಮೆ ಜಿಲ್ಲೆಯ ಈ ಭಾಗ ನೋಡಿಕೊಳ್ಳುವ ಹೊಸ ಪ್ರಾಂತ ಸಾಹೇಬ ಹುಕ್ಕೇರಿಯ ಬಂಗಲೆಯಲ್ಲಿ ಮುಕ್ಕಾಂ ಮಾಡಿ, ಪರವಾನಗಿ ಇದ್ದವರೆಲ್ಲ ತಂತಮ್ಮ ಹತ್ಯಾರ ತಂದು ತೋರಿಸಬೇಕೆಂದು ಹುಕುಂ ಮಾಡಿದ. ಕಾಕಾ ನನ್ನನ್ನು ಜೊತೆಗೆ ಕರೆದರು. "ನಿಮಗ ಇಂಗ್ಲಿಷ ಬರತೈತಿ. ನಾ ಹೇಳಿದ್ದು ಅವಂಗ, ಅವಾ ಹೇಳಿದ್ದು ನನಗ. ನಡುವ ನಿಮ್ಮದೇನೂ ಸೇರಸಬ್ಯಾಡ್ರಿ."

ಬಂಗಲೆಯ ಅಂಗಳದಲ್ಲಿ ದೊಡ್ಡ ದೊಡ್ಡ ಮೀಸೆಗಳು ಸಾಲಾಗಿ ನಿಂತಿದ್ದವು. ಕಾಕಾರ ಪಾಳಿ ಬಂತು. ಸಾಹೇಬ ಪಿಸ್ತೂಲು ತಗೊಂಡು ಉರುಳೆ ಬಿಚ್ಚಿ ಬಗ್ಗಿಸಿದ. ಕೆಂಪು, ಹಳದಿ, ಗಿಳಿಹಸಿರು ಗುಂಡುಗಳು ಅವನ ಅಂಗೈಗೆ ಉದುರಿದವು. ಅವನು ಅವನ್ನು ನೋಡಿದ, ನನ್ನನ್ನು ನೋಡಿದ.

"ಗೊಂಬಿ ಅಂತ ಹೇಳ್ರಿ," ಅಂದರು ಕಾಕಾ. ನಾನು ಹೇಳಿದೆ.

ಸಾಹೇಬ ಕೇಳಿದ: ಈತ ಇದನ್ನು ಎಂದಾದರೂ ಹೊಡೆದಿದ್ದಾನೆಯೇ?

"ದಿನಾ ಹೊಡೀತೇನ್ರಿ."

ಏನನ್ನು ಹೊಡೆಯುತ್ತಾನೆ?

"ಗ್ವಾಡಿ."

ಗೋಡೆಗೆ ಏನೂ ಆಗಿಲ್ಲವೇ?

"ಇನ್ನೂತನಕಾ ಇಲ್ರಿ."

ಸಾಹೇಬನ ಮುಖ ಕೆಂಪಾಯಿತು. ನಗು ತಡೆದದ್ದೋ ಸಿಟ್ಟೋ ತಿಳಿಯಲಿಲ್ಲ. ಬೇವಿನ ಮರಕ್ಕೆ ಒಂದು ಮಡಕೆ ಕಟ್ಟಿಸಿ, ತನ್ನ ಪೆಟ್ಟಿಗೆಯಿಂದ ನಿಜವಾದ ಗುಂಡುಗಳನ್ನು ತರಿಸಿ, ಹೊಡೆದು ತೋರಿಸಲಿ ಅಂದ. ಬರದವನ ಕೈಯಲ್ಲಿ ಪಿಸ್ತೂಲಿರುವುದು ಸರಿಯಲ್ಲ, ತಪ್ಪಿದರೆ ಪರವಾನಗಿ ರದ್ದು ಅಂತಲೂ ಸೇರಿಸಿದ.

ಕಾಕಾರ ಮೋರೆ ಬಿಳುಪೇರಿತು. ಆಣೆ ಮನೆಯ ಹೊಸ್ತಿಲಿಗೆ ಮಾತ್ರ, ಇದು ಸರಕಾರಿ ಅಂಗಳ ಎಂದು ನಾನು ಪಿಸುಗುಟ್ಟಿದೆ. ಸ್ವಲ್ಪ ವಿಚಾರ ಮಾಡಿ ತಲೆಯಾಡಿಸಿದರು. ಮೊದಲು ತಾವೇ ಹೋಗಿ ಮಡಕೆಯೊಳಗೆ ಇಣುಕಿ ಹುಳಹುಪ್ಪಡಿ ಇಲ್ಲವೆಂದು ನೋಡಿಕೊಂಡರು. ಆಮೇಲೆ ಮರದ ಮೇಲಿನ ಹಕ್ಕಿಗಳನ್ನು ಎಬ್ಬಿಸಲು ಜವಾನನಿಗೆ ಹೇಳಿದರು. ಜವಾನ ಟವೆಲು ಬೀಸಿದ. ಒಂದು ಕಾಗೆ ಮಾತ್ರ ಏಳಲೊಲ್ಲದು. ಸರಕಾರವೆಲ್ಲ ಆ ಕಾಗೆಗಾಗಿ ಕಾಯ್ದು ನಿಂತಿತು. ಕಡೆಗೆ ಅದು ಹಾರಿತು.

ಕಾಕಾ ನಿಂತರು. ಕೈ ಚಾಚಿದರು. ಅರ್ಧ ಉಸಿರು ಬಿಟ್ಟರು. ಪಡಸಾಲೆಯಲ್ಲಿ ನಾನು ಎಷ್ಟೋ ಸಂಜೆ ಕಂಡ ಅದೇ ನಿಲುವು. ಢಮ್ ಎಂದಿತು. ಮಡಕೆ ಪುಡಿಪುಡಿಯಾಗಿ ಬೇರಿನ ಮೇಲೆ ಬಿತ್ತು.

ಮೀಸೆಗಳೆಲ್ಲ "ಭಲೆ" ಅಂದವು. ಸಾಹೇಬ ಚಪ್ಪಾಳೆ ತಟ್ಟಿದ. ಕಾಕಾ ಮಾತ್ರ ಹೊಗೆಯ ನಡುವೆ ಕೈಯಲ್ಲಿದ್ದುದನ್ನು ಪರರ ಕೂಸನ್ನು ನೋಡಿದ ಹಾಗೆ ನೋಡುತ್ತಿದ್ದರು. "ಮಾಸ್ತರ," ಅಂದರು, ಕಿವುಡರ ಹಾಗೆ ಜೋರಾಗಿ, "ಇದು ಇಷ್ಟ ಸಪ್ಪಳಾ ಮಾಡತೈತೇನ್ರಿ?"

ಸಾಹೇಬನಿಗೆ ಹುರುಪು ಬಂದಿತ್ತು. ಇನ್ನೊಂದು ಮಡಕೆ ಕಟ್ಟಿಸಿದ. ಈ ಸಲ ಕಾಕಾರಿಗೆ ಏನಾಗುತ್ತದೆಂದು ಗೊತ್ತಿತ್ತು. ಅದೇ ಅನರ್ಥವಾಯಿತು. ಕಣ್ಣು ಗಟ್ಟಿಯಾಗಿ ಮುಚ್ಚಿ, ಮುಖ ಆ ಕಡೆ ತಿರುಗಿಸಿ, ತಮ್ಮ ಜೀವಮಾನದಲ್ಲೇ ಮೊದಲ ಸಲ ಕುದುರೆಯನ್ನು ಜಗ್ಗಿದರು. ಮಡಕೆ ಇದ್ದಲ್ಲೇ ತೂಗುತ್ತಿತ್ತು. ಬಲಕ್ಕೆ ಬಂಗಲೆಯ ಮಾಡಿನಿಂದ ಒಂದು ಹಂಚು ಜಾರಿ, ಚಹಾದ ತಬಕು ಹಿಡಿದು ಹೊರಗೆ ಬರುತ್ತಿದ್ದ ಅಡಿಗೆಯವನ ಮುಂದೆ ಬಿದ್ದು ಚೂರಾಯಿತು. ಅವನು ತಬಕು ಕೆಳಗಿಟ್ಟು ಒಳಗೆ ಹೋದವನು ನಾವು ಇರುವವರೆಗೆ ತಿರುಗಿ ಬರಲಿಲ್ಲ.

ಆಗ ಸಾಹೇಬ ನಕ್ಕ ನಗೆ ಹುಕ್ಕೇರಿಯ ಗುಮ್ಮಟಗಳಿಗೂ ಕೇಳಿಸಿರಬೇಕು. ಕಣ್ಣೊರೆಸಿಕೊಂಡು ಹೇಳಿದ: ಪಿಸ್ತೂಲು ಇರಲಿ. ಪರವಾನಗಿಯೂ ಇರಲಿ. ಆದರೆ ಈ ಮನುಷ್ಯ ಯಾವ ಕಾಲಕ್ಕೂ ಗುಂಡು ಇಟ್ಟುಕೊಳ್ಳಕೂಡದು.

ನಾನು ಅದನ್ನು ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಿದೆ. ಕಾಕಾ ಹಗುರಾಗಿ ಉಸಿರು ಬಿಟ್ಟರು. "ಹಾಂ. ಅವ್ವಂದೂ ಸರಕಾರದ್ದೂ ಒಂದ ಮಾತ ಆತು" ಅಂದರು. ಬಣ್ಣದ ಗುಂಡುಗಳನ್ನು ಸಾಹೇಬನಿಂದ ತಿರುಗಿ ಇಸಿದುಕೊಂಡು ತಾವೇ ಒಂದೊಂದಾಗಿ ಉರುಳೆಗೆ ತುಂಬಿದರು.

ಈಗ ಇನ್ನೊಮ್ಮೆ ದಾರಿಯಲ್ಲಿ ನಡೆದ ವಿಷಯ ಹೇಳಬೇಕು. ಕಾಕಾರನ್ನು ನೆನೆದಾಗ ಊರಿನವರು ನಗುತ್ತ ಹೇಳುವುದು ಇದನ್ನೇ. ಅವರು ನಗುವಲ್ಲಿಗೆ ಅದು ಮುಗಿಯಲಿಲ್ಲ ಅನ್ನುವುದು ನನಗೂ ಕಾಕುವಿಗೂ ಮಾತ್ರ ಗೊತ್ತಿತ್ತು.

ಕಾಕುವಿನ ತಂಗಿಯ ಮನೆ ಸಂಕೇಶ್ವರದಲ್ಲಿ. ಅಲ್ಲಿ ಒಂದು ಸೀಮಂತ ಮುಗಿಸಿಕೊಂಡು ನಾವು ಎತ್ತಿನ ಗಾಡಿಯಲ್ಲಿ ತಿರುಗಿ ಬರುತ್ತಿದ್ದೆವು. ಕಾಕಾ, ಕಾಕು, ನಾನು, ಗಾಡಿ ಹೊಡೆಯುವವನು. ಕಾಕುವಿನ ಮೈಮೇಲೆ ಸೀಮಂತಕ್ಕೆ ಹಾಕಿಕೊಂಡ ಬಂಗಾರ ಇತ್ತು. ಹುಕ್ಕೇರಿ ಇನ್ನೂ ದೂರವಿರುವಾಗ, ಒಳ್ಳೆ ಬಿಸಿಲಿನಲ್ಲಿ, ಒಂದು ಹಳ್ಳದ ಇಳಿಜಾರಿನಲ್ಲಿ ಮೂವರು ಅಡ್ಡ ಬಂದು ಎತ್ತಿನ ಮೂಗುದಾಣ ಹಿಡಿದರು. ಮುಖಕ್ಕೆ ವಸ್ತ್ರ ಸುತ್ತಿದ್ದರು. ಇಬ್ಬರ ಕೈಯಲ್ಲಿ ಕೊಡಲಿ, ಮೂರನೆಯವನು ತೆಳ್ಳನೆಯ ಹುಡುಗ, ಅವನ ಕೈಯಲ್ಲಿ ಕತ್ತಿ.

"ಇಳೀರಿ ಕೆಳಗ," ಅಂದ ಮುಂದಿನವನು. "ಆ ಬಾಯಾರ ಕೊಳ್ಳಾಗಿಂದು ಬಿಚ್ಚಿಕೊಡ್ರಿ."

ಕಾಕಾ ತೂಕಡಿಸುತ್ತಿದ್ದವರು ಎಚ್ಚರಾಗಿ, ಟೊಪ್ಪಿಗೆ ಸರಿಮಾಡಿಕೊಂಡು, ಊರಿಗೆ ಹೋದರೂ ಸಂಜೆಯ ಸಾಧನೆಗೆಂದು ಗಂಟಿನಲ್ಲಿ ಕಟ್ಟಿಕೊಳ್ಳುತ್ತಿದ್ದ ಪಿಸ್ತೂಲನ್ನು ತಲೆದಿಂಬಿನ ಕೆಳಗಿಂದ ತೆಗೆದು ಕೆಳಗಿಳಿದರು. ದಾರಿಯ ನಡುವೆ ನಿಂತು ಕೈ ಚಾಚಿದರು. ಅರ್ಧ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಮೂವರೂ ಒಂದು ಹೆಜ್ಜೆ ಹಿಂದೆ ಸರಿದರು. ಮುಂದಿನವನು ಗಟ್ಟಿಗ. ಕಾಕಾರ ಟೊಪ್ಪಿಗೆ, ಧೋತರ, ಹೊಟ್ಟೆ ಎಲ್ಲ ನೋಡಿ ಕೇಳಿದ: "ಏ ಸಾವಕಾರ, ಅದರಾಗ ಗುಂಡ ಅದಾವೇನು?"

ನಾನು ಕಣ್ಣು ಮುಚ್ಚಿದೆ. ಕಾಕಾ ಸುಳ್ಳು ಹೇಳುವವರಲ್ಲ.

"ಇಲ್ಲಪಾ," ಅಂದರು ಕಾಕಾ.

"ಇಲ್ಲಾ?"

"ಖರೇನ ಇಲ್ಲ. ಕಟಗೀವು ಅದಾವು."

"ಕಟಗಿ ಗುಂಡು?"

"ಹೌದಪಾ. ಬಣ್ಣಾ ಹಚ್ಚಿದ್ದು."

ಆಗ ಗಾಡಿಯೊಳಗಿಂದ ಕಾಕು, ಗಂಡನ ಮಾತನ್ನು ನಂಬುತ್ತಿಲ್ಲವಲ್ಲ ಎಂಬ ಸಂಕಟಕ್ಕೋ ಏನೋ, ಒದರಿದರು: "ಅವರು ಜನ್ಮದಾಗ ಸುಳ್ಳ ಹೇಳಿದಾವ್ರಲ್ಲೋ ಯಪ್ಪಾ! ಕಟಗೀವ ಅದಾವು! ಗೋಕಾಂವಿ ಚಿತ್ರಗಾರ ಮಾಡಿಕೊಟ್ಟಾನ!"

ಮುಂದಿನವನು ಜೊತೆಗಾರನ ಕಡೆ ತಿರುಗಿದ. ಅವನು ಕಾಕಾರ ಕೈಯನ್ನೇ ನೋಡುತ್ತಿದ್ದ. "ಕೈ ನೋಡೋ," ಅಂದ ಮೆಲ್ಲಗೆ. "ಒಂದ ಕೂದಲದಷ್ಟೂ ಅಲಗವಲ್ದು. ಗಂಡಾ ಹೆಂಡ್ತಿ ಕೂಡಿ ನಮ್ಮನ್ನ ಹತ್ರ ಕರ್ಯಾಕತ್ತಾರ. ಹಿಂತಾವ್ರ ಭಾಳ ಮಂದೀನ ಮಲಗಿಸಿರತಾರ. ಬರ್ರಲೇ!"

ಮೂವರೂ ಹಳ್ಳದ ಕಡೆ ಓಟ ಕಿತ್ತರು. ಕತ್ತಿ ಹಿಡಿದ ಹುಡುಗ ಕಲ್ಲಿಗೆ ಎಡವಿ ಬಿದ್ದು, ಎದ್ದು, ಎಲ್ಲರಿಗಿಂತ ಹಿಂದಾದ.

ಟಕ್ ಎಂದಿತು.

ಕಾಕಾರ ಕೈ ಓಡುವವನ ಹಿಂದೆಯೇ ನಿಧಾನವಾಗಿ ತಿರುಗುತ್ತಿತ್ತು. ಟಕ್. ಮತ್ತೆ ಟಕ್. ಹುಡುಗ ಪೊದೆಯೊಳಗೆ ಮರೆಯಾದ ಮೇಲೂ ಆ ಕೈ ಇಳಿಯಲಿಲ್ಲ. ಗಾಡಿಯವನು ನಕ್ಕು, "ಬಿಡ್ರಿ ಯಜಮಾನ್ರ, ಹೋದ್ರು. ಸಾಧನಾ ಮನ್ಯಾಗ ಮಾಡೂನು" ಅಂದ. ನಾವೆಲ್ಲ ನಕ್ಕೆವು. ಕಾಕು ನಗುತ್ತ ನಗುತ್ತ ಅತ್ತರು. ಕಾಕಾ ಮಾತ್ರ ನಗದೆ ಗಾಡಿ ಹತ್ತಿದರು. ಗೋಕಾಕ ಮುಟ್ಟುವವರೆಗೆ ಹೊರಗೆ ನೋಡುತ್ತ ಕೂತಿದ್ದರು.

ಸುದ್ದಿ ನಮಗಿಂತ ಮೊದಲು ಊರು ಸೇರಿತು. ಮಮದಾಪುರದಿಂದ ಬೆಲ್ಲ ತಂದ ರೈತರು ಮಾಲು ಇಳಿಸುವ ಮೊದಲು ಆ ಕೈ ನೋಡಬೇಕು ಎಂದು ಬಂದರು. ಬಜಾರದಲ್ಲಿ ಹಾರ ಹಾಕುವ ಮಾತು ನಡೆಯಿತು. ಕಾಕಾ ಹೊರಗೇ ಬರಲಿಲ್ಲ. ಸಂಜೆಯ ಟಕ್ ಕೂಡ ನಿಂತುಹೋಯಿತು. ಚುಕ್ಕಿಯ ಹಲ್ಲಿಯೊಂದೇ ಗೋಡೆಯನ್ನು ಆಳುತ್ತಿತ್ತು. ಒಂದು ದಿನ ಕಾಕು ನನ್ನ ಕೋಣೆಗೆ ಬಂದು ನಿಂತರು.

"ಮಾಸ್ತರಪ್ಪಾ, ನೀನರ ಮಾತಾಡಿ ನೋಡು. ಬಂದಾಗಿಂದ ಬರೇ ನೀರಿನ ಮ್ಯಾಲ ಅದಾರ. ಉಪಾಸ ಯಾತಕ್ಕ ಅಂದ್ರ ಹೇಳವಲ್ರು."

ಕಾಕಾ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಮಾಡಿ ಕೂತಿದ್ದರು. ಹತ್ತಿರ ಕೂತೆ. ಅವರೇ ಕೇಳಿದರು: "ಮಾಸ್ತರ, ನಾ ಎಷ್ಟ ಸಲ ಒತ್ತಿದೆ?"

"ಮೂರ ಸಲ ಇರಬೇಕ್ರಿ. ಅದಕ್ಕೇನು? ಖಾಲಿ ಇತ್ತಲ್ಲ."

"ಆ ಹುಡುಗ ಎಡವಿ ಎದ್ದಾಗ ಅವನ ಬೆನ್ನ ಕಂಡ್ತು. ಅಂಗಿ ಹರದಿತ್ತು. ಹರದಲ್ಲಿ ಕರಿ ಮೈ ಕಾಣತಿತ್ತು, ಇಷ್ಟ, ದುಡ್ಡಿನಷ್ಟು. ಅದನ್ನ ನೋಡಿ ಕೈ ತಾನ ಹೋತು. ಅವಾ ಓಡಿಹೊಂಟಿದ್ದ ಮಾಸ್ತರ. ನಮಗೇನೂ ಮಾಡತಿದ್ದಿಲ್ಲ. ನನಗ ಅಂಜಿಕಿನೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಆದ್ರೂ ಒತ್ತಿದೆ." ಅವರು ತಮ್ಮ ಬಲಗೈಯನ್ನು ತೊಡೆಯ ಮೇಲೆ ಬೋರಲಾಗಿ ಇಟ್ಟುಕೊಂಡರು. "ಭಾಳ ಚಲೋ ಒತ್ತಿದೆ. ಒಂದೂ ಅಲಗಲಿಲ್ಲ. ಗುಂಡ ಇದ್ದಿದ್ರ ಒಂದೂ ತಪ್ಪತಿದ್ದಿಲ್ಲ."

ಅಲ್ಲಿಯವರೆಗೆ ಅದನ್ನು ಎಲ್ಲರಿಗೂ ನಗಿಸುತ್ತ ಹೇಳಿಕೊಂಡು ತಿರುಗಿದವರಲ್ಲಿ ನಾನೇ ಮುಂದಿನವ. ಕತ್ತಲಾಗುವ ಮೊದಲು ಕಾಕು ಒಂದು ಬಟ್ಟಲು ಗಂಜಿ ತಂದಿಟ್ಟರು. ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದರು; ಬಟ್ಟಲನ್ನು ಅವರ ಕಡೆ ಸರಿಸಿದರು. ಕಾಕಾ ಅದನ್ನು ಕುಡಿದರು.

ಮರುದಿನ ಮಾಮಲೇದಾರ ಕಚೇರಿಗೆ ಹೋಗಿ ಪಿಸ್ತೂಲನ್ನು ಮೇಜಿನ ಮೇಲಿಟ್ಟರು. ಮಾಮಲೇದಾರರಿಗೆ ದಿಗಿಲು. ಕಳ್ಳರನ್ನು ಓಡಿಸಿದವರಿಗೆ ಇನಾಮು ಕೊಡಬೇಕೆಂದು ಅವರು ಮೇಲಿನವರಿಗೆ ಶಿಫಾರಸು ಮಾಡುವುದರಲ್ಲಿದ್ದರು.

"ಇಷ್ಟ ವರ್ಷ ಇಟ್ಕೊಂಡು ಈಗ ಯಾಕ್ರಿ ಸಾವಕಾರ್ರ? ಈಗ ಅಲ್ಲೇನ್ರಿ ಅದು ಉಪಯೋಗಕ್ಕ ಬಂದದ್ದು?"

"ನನಗ ಭಾಳ ಚಲೋ ಬರಾಕತ್ತೈತ್ರಿ ಸಾಹೇಬ್ರ," ಅಂದರು ಕಾಕಾ. "ಅದಕ್ಕ."

ಮಾಮಲೇದಾರರು ನನ್ನ ಮುಖ ನೋಡಿದರು. ನಾನು ನಡುವೆ ನನ್ನದೇನೂ ಸೇರಿಸಲಿಲ್ಲ. ಕಾರಕೂನನಿಗೆ ಬೇರೆಯೇ ಚಿಂತೆ. ಕಟ್ಟಿಗೆಯ ಗುಂಡುಗಳನ್ನು ಗುಂಡು ಅನ್ನಬೇಕೋ ಆಟಿಕೆ ಅನ್ನಬೇಕೋ ಎಂದು ತಲೆ ಕೆರೆದುಕೊಂಡು, ಕಡೆಗೆ ಅವನ್ನು ಕಾಕಾರ ಕೈಗೇ ತಿರುಗಿ ಕೊಟ್ಟ. ಕಾಕು ಅವುಗಳಿಂದ ಚೌಕಾಬಾರ ಆಡುವ ಕಾಯಿ ಮಾಡಿಕೊಂಡರು. ಹಸಿರಿನವು ಯಾವಾಗಲೂ ಅವರವೇ.

ಐದಾರು ವರ್ಷ ಕಳೆದಿರಬೇಕು. ನನ್ನ ಮದುವೆಯಾಗಿ, ಬೇರೆ ಊರಿಗೆ ವರ್ಗವಾಗಿತ್ತು. ರಜೆಯಲ್ಲಿ ಗೋಕಾಕಕ್ಕೆ ಬಂದವನನ್ನು ಕಾಕಾ ಸಂಕೇಶ್ವರದ ಮೆಣಸಿನಕಾಯಿ ಪೇಟೆಗೆ ಜೊತೆಗೆ ಕರೆದೊಯ್ದರು. ಅಲ್ಲಿ ಕಾಲಿಟ್ಟರೆ ಕಣ್ಣು ಮೂಗು ಎರಡೂ ಒಟ್ಟಿಗೆ ಅಳುತ್ತವೆ. ಒಂದು ಅಂಗಡಿಯ ಮುಂದೆ ಕೂತಿದ್ದೆವು. ಚೀಲ ಹೊರುವ ಹಮಾಲನೊಬ್ಬ ಕಾಕಾರನ್ನು ನೋಡಿ ನಿಂತ. ಬೆನ್ನ ಮೇಲಿನ ಚೀಲ ಇಳಿಸಿ ಹತ್ತಿರ ಬಂದು ಕಾಲು ಮುಟ್ಟಿದ.

"ಗುರುತ ಸಿಗಲಿಲ್ಲೇನ್ರಿ? ಸಿಗೂದಿಲ್ಲ ಬಿಡ್ರಿ. ಮಾರಿಗೆ ಅರಬಿ ಸುತಗೊಂಡಿದ್ದೆ." ದನಿ ಇಳಿಸಿದ. "ಹುಕ್ಕೇರಿ ದಾರ್ಯಾಗ. ಆವತ್ತ ನೀವು ಹೊಡೀಲಿಲ್ಲ. ಜೀವಾ ಉಳಿಸಿದ್ರಿ. ನಾ ಆವತ್ತಿಂದ ಆ ದಂಧೆದಾಗಿಲ್ರಿ. ಅದ ಮೊದಲ, ಅದ ಕಡೀದು."

ಕಾಕಾ ಎದ್ದು ನಿಂತರು. "ಇಲ್ಲಪಾ," ಅಂದರು. "ನಾ ಹೊಡದೆ. ಮೂರ ಸಲ. ಗುಂಡ ಇದ್ದಿದ್ದಿಲ್ಲ, ಅದಕ್ಕ ನೀ ಉಳದಿ."

ಹಮಾಲ ನನ್ನ ಕಡೆ ನೋಡಿ ನಕ್ಕ. "ದೊಡ್ಡಾವ್ರ ಮಾತು ಹಿಂಗ ಇರತೈತಿ ನೋಡ್ರಿ. ತಾವು ಮಾಡಿದ ಉಪಕಾರಾ ತಾವ ಅಲ್ಲಗಳೀತಾರ."

"ಖರೇನಪಾ. ಕಟಗೀವ ಇದ್ದೂ."

ಅವನ ನಗು ನಿಂತಿತು. ನಾಚಿಕೆಯಿಂದ ತಲೆ ಕೆರೆದುಕೊಂಡ. "ನನ್ನ ಕೈಯಾಗಿನ ಕತ್ತಿನೂ ಕಟಗೀದ ಇತ್ರಿ ಯಪ್ಪಾ. ಬಯಲಾಟದ್ದು. ಬೇಗಡಿ ಹಚ್ಚಿದ್ದು. ಎಲ್ಲಿ ನಿಮಗ ತಿಳೀತೈತೋ ಅಂತ ನನಗ ಅಂಜಿಕಿ."

ನಾನು ಜೋರಾಗಿ ನಕ್ಕುಬಿಟ್ಟೆ. ಮೆಣಸಿನಕಾಯಿಯ ಘಾಟು ಒಳಗೆ ಹೋಗಿ ಕೆಮ್ಮಿದೆ. ಕಾಕಾ ನಗಲಿಲ್ಲ. ಅವನ ಹಿಂದೆ ಹೋಗಿ ನಿಂತು ಬೆನ್ನ ಮೇಲೆ ಅಂಗೈ ಇಟ್ಟರು. ಅಂಗಿ ಬೆವರಿಗೆ ಹಸಿಯಾಗಿತ್ತು. ಅಲ್ಲೇ ಕೇಳಿದರು:

"ಅದನ್ನ ನಮ್ಮ ಮ್ಯಾಲ ಎತ್ತಿದ್ದೇನು ನೀನು?"

"ಎತ್ತಾಕ ನೋಡ್ದೆರಿ. ಕೈ ನಡಗಾಕತ್ತು, ಏಳಲಿಲ್ಲ."

"ಚಲೋ ಆತು," ಅಂದರು ಕಾಕಾ. "ಕೈ ನಡಗಬೇಕಪಾ ಮನಶ್ಯಾಂದು."

"ನಡಗಿದ್ರ ಚೀಲ ಬೀಳತೈತ್ರಿ ಸಾವಕಾರ್ರ," ಎಂದು ಆ ಹಮಾಲ ಬಗ್ಗಿದ. ನಾನೂ ಕಾಕಾರೂ ಆಚೀಚೆ ಹಿಡಿದು ಚೀಲವನ್ನು ಅವನ ಬೆನ್ನ ಮೇಲೆ ಏರಿಸಿದೆವು. ಅವನು ಪೇಟೆಯ ಗದ್ದಲದಲ್ಲಿ ದಾರಿ ಮಾಡಿಕೊಳ್ಳುತ್ತ ಹೋದ. ಓಣಿಯ ತಿರುವಿನಲ್ಲಿ ಆ ಬೆನ್ನು ಕಾಣದಾಗುವವರೆಗೆ ಕಾಕಾ ಬಿಸಿಲಿನಲ್ಲಿ ನಿಂತೇ ಇದ್ದರು.